ನೊರೆ ಬಾರದ ಬ್ರಷ್ಷಿನ ವಿಚಾರವಾಗಿ ಹಂದಿಯವರಿಗೆ

ಮಾನ್ಯ ಹಂದಿಯವರೇ,

ತಾವು ಈಗ ಯಾವ ಕೆಸರಿನಲ್ಲಿ ಮೈ ಚಾಚಿ ವಿಶ್ರಮಿಸುತ್ತಿದ್ದೀರೋ, ಅಥವಾ ಈ ಲೋಕದ ವ್ಯವಹಾರವನ್ನೆಲ್ಲ ಮುಗಿಸಿ ಎಂದೋ ಹೊರಟುಹೋಗಿದ್ದೀರೋ ನನಗೆ ತಿಳಿಯದು. ಎಲ್ಲಿದ್ದರೂ ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುವ ಈ ಸಾಮಾನ್ಯನ ವಿನಯಪೂರ್ವಕ ನಮಸ್ಕಾರಗಳನ್ನು ಸ್ವೀಕರಿಸಬೇಕಾಗಿ ಬೇಡಿಕೊಳ್ಳುತ್ತೇನೆ. ತಮ್ಮ ಮನೆಯವರು, ಮರಿಗಳು, ಕಾಡಿನಲ್ಲಿರುವ ಕೋರೆಹಲ್ಲಿನ ದಾಯಾದಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕೊಂಡ ಶೇವಿಂಗ್ ಬ್ರಷ್ಷಿನ ಡಬ್ಬಿಯ ಮೇಲೆ 'ಅಪ್ಪಟ ಹಂದಿ ಕೂದಲು' ಎಂದು ಹೊಳೆಯುವ ಅಕ್ಷರಗಳಲ್ಲಿ ಅಚ್ಚಾಗಿದ್ದರೂ ಯಾವ ಹಂದಿ, ಎಲ್ಲಿಯ ಹಂದಿ ಎಂಬ ವಿವರ ಇಲ್ಲದ ಕಾರಣ, ಪತ್ರವನ್ನು ಬಹಿರಂಗವಾಗಿ ಬರೆದು ನನ್ನ ಅಂಗಡಿಯ ಬಾಗಿಲ ಪಕ್ಕದ ಹಲಗೆಗೆ ಅಂಟಿಸಬೇಕೆಂದಿದ್ದೇನೆ. ತಮ್ಮ ಬಳಗದವರು ಯಾರಾದರೂ ಈ ಬೀದಿಯಲ್ಲಿ ಹಾದುಹೋದರೆ ತಮಗೆ ಮುಟ್ಟಿಸಿಯಾರು ಎಂಬ ಆಸೆ. ಅವರ ಅನುಕೂಲಕ್ಕಾಗಿ ಅಕ್ಷರಗಳನ್ನು ತುಸು ದಪ್ಪಗೇ ಬರೆದಿದ್ದೇನೆ.

ದೂರಿಗೆ ಬರುವ ಮೊದಲು ನಮ್ಮಿಬ್ಬರ ನಡುವಿನ ಹಳೆಯ ನಂಟನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಬೋರ್ಡು ಬರೆಯುವ ನನ್ನ ಚಪ್ಪಟೆ ಬ್ರಷ್ಷುಗಳೆಲ್ಲ ತಮ್ಮ ಕುಲಬಾಂಧವರ ಬೆನ್ನಿನಿಂದಲೇ ಬಂದವು. ಈ ಬೀದಿಯ ಔಷಧಿ ಅಂಗಡಿ, ಸೈಕಲ್ ಅಂಗಡಿ, ಹಲ್ಲಿನ ಡಾಕ್ಟರರ ಮೆಟ್ಟಿಲ ಬಳಿಯ ಬಾಣದ ಗುರುತು, ಆಸ್ಪತ್ರೆಯ ಗೋಡೆಯ 'ಇಲ್ಲಿ ಉಗುಳಬಾರದು', ಅದರ ಕೆಳಗೆ ಉಗುಳಿದ ಮೇಲೆ ಮತ್ತೆ ಬರೆಸಿಕೊಂಡ 'ದಯವಿಟ್ಟು ಇಲ್ಲಿ ಉಗುಳಬಾರದು', ಇವೆಲ್ಲ ತಮ್ಮ ಕೂದಲಿನ ಕೃಪೆ. ನನ್ನ ಅಪ್ಪ ಇದೇ ಅಂಗಡಿಯಲ್ಲಿ, ಇದೇ ಮುಕ್ಕಾಲಿಯ ಮೇಲೆ ಕೂತು ನನಗೆ ಅಕ್ಷರ ಕಲಿಸಿದವರು. ಅವರು ಕಲಿಸಿದ್ದರಲ್ಲಿ ಮೊದಲನೆಯದು ಕೈ ನಡುಗಿಸದೆ ಗೆರೆ ಎಳೆಯುವುದು, ಎರಡನೆಯದು ತಮ್ಮ ಕೂದಲನ್ನು ಗೌರವದಿಂದ ನೋಡಿಕೊಳ್ಳುವುದು. ಬ್ರಷ್ಷಿನ ವಿಚಾರದಲ್ಲಿ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗೆ ಬಂದದ್ದು ಹೀಗೆ. ಆ ಜಂಬವೂ ಒಂದು ಲೆಕ್ಕದಲ್ಲಿ ತಮ್ಮದೇ ಕೊಡುಗೆಯಾದ್ದರಿಂದ ಮುಂದೆ ನಡೆದದ್ದರಲ್ಲಿ ತಮ್ಮ ಪಾಲೂ ಇದೆ ಎಂದು ವಿನಯದಿಂದ ಅರಿಕೆ ಮಾಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಮೀಸೆ ಬಂದಂದಿನಿಂದ ಗುಂಯ್‌ಗುಟ್ಟುವ ಶೇವಿಂಗ್ ಮಷೀನಿನಿಂದ ಮುಖವನ್ನು ಉಜ್ಜಿಕೊಂಡು ಬಂದವನು. ಅಪ್ಪ ಹಾಗಲ್ಲ. ಬಟ್ಟಲಿನಲ್ಲಿ ಸೋಪು, ಬಿಸಿನೀರು, ಬ್ರಷ್ಷು, ಬ್ಲೇಡು ಹಾಕುವ ರೇಜರು, ಕಿಟಕಿಯ ಸರಳಿಗೆ ನೇತುಹಾಕಿದ ಕನ್ನಡಿ. ತಮ್ಮ ಮುಖವನ್ನು ಒಂದು ದಿನವೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಕಳೆದ ವರ್ಷದಿಂದ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಬೋರ್ಡು ಬಿಟ್ಟರು. ಆಮೇಲೆ ಚಹಾದ ಲೋಟವನ್ನು ಅರ್ಧ ಮಾತ್ರ ತುಂಬಿಸಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಗದ್ದದ ಕೆಳಗೆ ಉದ್ದಕ್ಕೆ ಗಾಯ ಮಾಡಿಕೊಂಡು, ಟವೆಲಿನಿಂದ ಒತ್ತಿಹಿಡಿದು, ಬ್ರಷ್ಷು, ಬಟ್ಟಲು, ರೇಜರು ಮೂರನ್ನೂ ಕಸದ ಬುಟ್ಟಿಗೆ ಹಾಕಿದರು. ನಾವು ನೋಡುವಷ್ಟರಲ್ಲಿ ಕಸದ ಗಾಡಿ ಹೋಗಿತ್ತು. ಅಂದಿನಿಂದ ಗಡ್ಡ ಬೆಳೆಯುತ್ತಿದೆ. ಕ್ಷೌರದಂಗಡಿಗೆ ಬನ್ನಿ ಎಂದರೆ ಗೋಡೆಯ ಕಡೆ ತಿರುಗುತ್ತಾರೆ. ನನ್ನ ಮಷೀನನ್ನು ತೋರಿಸಿದರೆ, ಬ್ರಷ್ಷು ಹಿಡಿಯಲು ಬಾರದವರು ಗೋಡೆಗೆ ಬಣ್ಣ ಎರಚಲು ಬಳಸುವ ಯಂತ್ರವನ್ನು ನೋಡಿದಂತೆ ಮೂಗು ಮುರಿಯುತ್ತಾರೆ.

ಇದೆಲ್ಲದರ ನಡುವೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಬರುತ್ತೇನೆಂದು ಹೇಳಿಕಳಿಸಿದರು. ಅಪ್ಪನನ್ನು ಎತ್ತಿ ಆಡಿಸಿದವರು, ಬಾಲ್ಯದಲ್ಲಿ ಮುಖ ತೊಳೆಸಿದವರು, ಈಗ ಮೊಣಕಾಲು ನೋವಿನಿಂದ ಮನೆಯ ಮೆಟ್ಟಿಲು ಇಳಿಯುವುದೇ ಅಪರೂಪ. ಅಪ್ಪ ಮಾತ್ರ ಬೇಡವೇ ಬೇಡ ಎಂದರು. ಕೈ ನಡುಗುವುದನ್ನು ಜೇಬಿನಲ್ಲಿ ಮುಚ್ಚಿಡಬಹುದಂತೆ, ಗಡ್ಡವನ್ನು ಎಲ್ಲಿ ಮುಚ್ಚಿಡುವುದು, ತನ್ನ ಕೈಲಿ ತನ್ನ ಮುಖವನ್ನೂ ನೋಡಿಕೊಳ್ಳಲಾಗುತ್ತಿಲ್ಲ ಎಂದು ಅಕ್ಕನಿಗೆ ಗೊತ್ತಾಗಬಾರದು, ಬರುವುದು ಬೇಡ ಎಂದು ಹೇಳಿಬಿಡು ಅಂದರು. ಇಬ್ಬರ ವಯಸ್ಸನ್ನೂ ನೆನೆದರೆ, ಈ ಸಲ ತಪ್ಪಿದ ಭೇಟಿ ಮತ್ತೊಮ್ಮೆ ಆಗುತ್ತದೆಂದು ಹೇಳುವ ಧೈರ್ಯ ನನಗಿರಲಿಲ್ಲ. ನನಗೆ ಭಯವಾಯಿತು. ಆದ್ದರಿಂದ ನಾನೇ ಮಾಡುತ್ತೇನೆ, ನಿಮ್ಮ ಪದ್ಧತಿಯಲ್ಲೇ, ಬ್ರಷ್ಷಿನಲ್ಲೇ ಮಾಡುತ್ತೇನೆ ಎಂದುಬಿಟ್ಟೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಹೇಳಿದರು.

"ಮೊದಲು ನಿನ್ನ ಮುಖದ ಮೇಲೆ ಒಂದು ಕೋಟಿಂಗ್ ಹಾಕಿ ತೋರಿಸು. ಆಮೇಲೆ ನನ್ನ ಮುಖ ಕೊಡ್ತೀನಿ."

ಹೇಗೆ ಮಾಡುವುದು, ಯಾವ ಬ್ರಷ್ಷು ಒಳ್ಳೆಯದು ಎಂದು ಅವರನ್ನೇ ಕೇಳಬಹುದಿತ್ತಲ್ಲ ಎಂದು ತಮಗೆ ಅನ್ನಿಸಬಹುದು. ಮಾನ್ಯರೇ, ನನಗೂ ತಲೆ ನರೆತಿದೆ. ಬ್ರಷ್ಷು ಹಿಡಿದೇ ಸಂಸಾರ ಸಾಗಿಸಿದವನು ಬ್ರಷ್ಷು ಆರಿಸುವುದು ಹೇಗೆಂದು ಅಪ್ಪನನ್ನು ಕೇಳುವುದೇ?

ಆದ್ದರಿಂದ ಪೇಟೆಯ ದೊಡ್ಡ ಅಂಗಡಿಗೆ ಹೋದೆ. ಅಂಗಡಿಯವರು ಸಭ್ಯಸ್ಥರು. ಗಾಜಿನ ಮೇಜಿನ ಮೇಲೆ ಮೂರು ಬ್ರಷ್ಷುಗಳನ್ನು ಸಾಲಾಗಿ ನಿಲ್ಲಿಸಿ, ಮೊದಲನೆಯದು ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿಯದು, ಮೆತ್ತಗೆ, ನೀರು ಚೆನ್ನಾಗಿ ಹಿಡಿಯುತ್ತದೆ, ಬೆಲೆ ಜಾಸ್ತಿ; ಎರಡನೆಯದು ಹಂದಿಯದು, ಮೊದಮೊದಲು ಒರಟು, ದಿನವೂ ಬಳಸಿ ಪಳಗಿಸಿಕೊಂಡರೆ ತುದಿ ಸೀಳಿ ಮೆತ್ತಗಾಗುತ್ತದೆ, ಅಲ್ಲಿಯವರೆಗೆ ತಾಳ್ಮೆ ಬೇಕು; ಮೂರನೆಯದು ನೈಲಾನು, ವಾಸನೆಯಿಲ್ಲ, ಬೇಗ ಒಣಗುತ್ತದೆ, ಮೊದಲ ದಿನದಿಂದಲೇ ನೊರೆ ಬರುತ್ತದೆ, ಹೊಸಬರಾದ ತಾವು ಇದನ್ನೇ ಕೊಳ್ಳುವುದು ಒಳ್ಳೆಯದು ಎಂದು ತಿಳಿಹೇಳಿದರು. ಅವರು ಹೇಳಿದ ಪ್ರತಿಯೊಂದು ಮಾತೂ ನಿಜವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. 'ಹೊಸಬರಾದ ತಾವು' ಎಂಬುದನ್ನು ಕೇಳಿದ ಮೇಲೆ ಮಿಕ್ಕದ್ದು ಯಾವುದೂ ನನ್ನ ಕಿವಿಗೆ ಇಳಿದಿರಲಿಲ್ಲ. ನೈಲಾನನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದೆ. ಬ್ಯಾಡ್ಜರನ್ನು ಅಂಗೈಗೆ ಒತ್ತಿ ನೋಡಿದೆ. ಸೊಂಟವೇ ಇಲ್ಲದಂತೆ ಹರಡಿಕೊಂಡಿತು. ಅಕ್ಷರ ಬರೆಯುವ ಬ್ರಷ್ಷು ಹೀಗೆ ಹರಡಿಕೊಂಡರೆ 'ಔಷಧಿ' ಎಂಬುದರ ಬಾಲ ಪಕ್ಕದ ಅಂಗಡಿಯ ಗೋಡೆಗೆ ಹೋಗಿ ನಿಲ್ಲುತ್ತದೆ. ಮುಖದ ಮೇಲೆ ಅಕ್ಷರ ಬರೆಯಬೇಕಾಗಿಲ್ಲ, ಹರಡಿಕೊಳ್ಳುವುದೇ ಇಲ್ಲಿ ಬೇಕಾದ ಗುಣ ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ತಮ್ಮನ್ನು ಕೈಗೆತ್ತಿಕೊಂಡೆ. ನೆಟ್ಟಗೆ ನಿಂತ ಕೂದಲು, ಬೆನ್ನು ಬಾಗದ ಗತ್ತು. ನಮ್ಮ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಹೊಸ ಬ್ರಷ್ಷಿನ ತುದಿ ಒಗ್ಗೂಡುತ್ತದೋ ಇಲ್ಲವೋ ಎಂದು ನೋಡಲು ಅದನ್ನು ತುಟಿಗಿಟ್ಟು, ನಾಲಿಗೆಯಿಂದ ಒದ್ದೆ ಮಾಡಿ, ತಿರುಗಿಸಿ, ಮೊನೆ ತರುತ್ತೇವೆ. ಕೈ ತಾನಾಗಿಯೇ ಮೇಲೆ ಹೋಯಿತು. ಬಾಯ್ತುಂಬ ತಮ್ಮ ಕೂದಲನ್ನು ಇಟ್ಟುಕೊಂಡು ಒಂದು ಕಣ್ಣು ಮುಚ್ಚಿ ಮೊನೆಯನ್ನು ಪರೀಕ್ಷಿಸುತ್ತಿರುವಾಗಲೇ ಪಕ್ಕದಲ್ಲಿ ಬಾಚಣಿಗೆ ಆರಿಸುತ್ತಿದ್ದ ಹೆಂಗಸು ತನ್ನ ಮಗುವನ್ನು ಮೆಲ್ಲನೆ ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡದ್ದು ಕಣ್ಣಿಗೆ ಬಿತ್ತು. ಅಂಗಡಿಯವರು ಬೇರೆ ಎರಡು ಬ್ರಷ್ಷುಗಳನ್ನು ಒಳಗಿಟ್ಟು, ತಮ್ಮ ಡಬ್ಬಿಯನ್ನು ಮಾತ್ರ ನನ್ನ ಮುಂದೆ ಇಟ್ಟರು. ಹೀಗಾಗಿ ತಮ್ಮನ್ನು ಆರಿಸಿದ್ದು ನನ್ನ ಬುದ್ಧಿಯಲ್ಲ, ನನ್ನ ನಾಲಿಗೆ. ಇಷ್ಟು ಸಲುಗೆ ನಮ್ಮ ನಡುವೆ ಬೆಳೆದಿರುವುದರಿಂದಲೇ ಇನ್ನು ಮುಂದಿನದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ಬಟ್ಟಲು, ಸೋಪು, ರೇಜರುಗಳನ್ನೂ ಅದೇ ಅಂಗಡಿಯಲ್ಲಿ ಕೊಂಡಿದ್ದೆ. ಮೊದಲ ಬೆಳಿಗ್ಗೆಯೇ ತಾವು ಬಿಸಿನೀರಿಗೆ ಇಳಿದ ಕೂಡಲೇ ಬಚ್ಚಲುಮನೆಯಲ್ಲಿ ತಮ್ಮ ಇಡೀ ಕುಟುಂಬ ಬಂದು ನಿಂತಂತೆ ವಾಸನೆ ಎದ್ದಿತು. ತಮ್ಮ ಹುಟ್ಟೂರಿನ ನೆನಪನ್ನು ಇಷ್ಟು ನಿಷ್ಠೆಯಿಂದ ಉಳಿಸಿಕೊಂಡದ್ದಕ್ಕೆ ಅಭಿನಂದನೆಗಳು. ಹೊರಗೆ ಕುರ್ಚಿ ಹಾಕಿಕೊಂಡು ನನ್ನ ಕಲಿಕೆಯನ್ನು ನೋಡಲು ಕೂತಿದ್ದ ಅಪ್ಪ ಮೂಗನ್ನು ಒಂದು ಸಲ ಎಳೆದುಕೊಂಡರು. ಬ್ರಷ್ಷಿನ ವಾಸನೆ ತೆಗೆಯುವುದು ನನಗೆ ಗೊತ್ತಿಲ್ಲವೇ? ಅಂಗಡಿಗೆ ಕೊಂಡೊಯ್ದು ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿ ತೊಳೆದೆ. ಮಾರನೆಯ ದಿನ ಹಂದಿಯ ವಾಸನೆ ಇರಲಿಲ್ಲ. ನನ್ನ ಕೆನ್ನೆಯ ಚರ್ಮವೂ ಅಷ್ಟಾಗಿ ಇರಲಿಲ್ಲ. ಅಂದು ಬೋರ್ಡು ಬರೆಸಲು ಬಂದ ಹಾಲಿನ ಅಂಗಡಿಯ ಯಜಮಾನರು ನನ್ನ ಮುಖ ನೋಡಿ, ಬೇರೆ ದಿನ ಬರುತ್ತೇನೆ ಎಂದು ಹೊಸ್ತಿಲಿನಿಂದಲೇ ಹಿಂದಿರುಗಿದರು.

ಮೂತಿ ಚುಚ್ಚುವ ಕೆಲಸದಲ್ಲಿ ತಾವು ತೋರಿದ ದಕ್ಷತೆಯನ್ನೂ ಮರೆಯಲಾರೆ. ಅಲ್ಲೊಂದು ಇಲ್ಲೊಂದು ಕೂದಲು ಸಾಲು ಬಿಟ್ಟು ತಲೆಯೆತ್ತಿ ನಿಂತಿರುವುದನ್ನು ಕಂಡು, ಬೋರ್ಡಿನ ಬ್ರಷ್ಷಿಗೆ ಮಾಡುವಂತೆಯೇ ಕತ್ತರಿ ತೆಗೆದುಕೊಂಡು ಎಲ್ಲ ತುದಿಗಳನ್ನೂ ಗೆರೆ ಎಳೆದಂತೆ ಸಮಮಾಡಿದೆ. ಹಾಗೆ ಮಾಡಿದ ಮೇಲೆ ನೋಡಲು ತಾವು ಬಹಳ ಲಕ್ಷಣವಾಗಿದ್ದಿರಿ. ಬಳಸಲು ಮಾತ್ರ, ತೆಂಗಿನ ನಾರಿನ ಕಾಲೊರಸನ್ನು ಕೆನ್ನೆಗೆ ಉಜ್ಜಿಕೊಂಡಂತಿತ್ತು. ಮೆತ್ತಗಾಗುವುದೇ ಆ ತುದಿಗಳಂತೆ, ಅವನ್ನೇ ನಾನು ಕತ್ತರಿಸಿ ನೆಲಕ್ಕೆ ಹಾಕಿ ಗುಡಿಸಿದ್ದೆ. ಇದನ್ನು ತಾವು ನನಗೆ ಮೊದಲೇ ತಿಳಿಸಬೇಕಾಗಿತ್ತು.

ಇಷ್ಟನ್ನೂ ಸಹಿಸಿಕೊಂಡೇನು, ಸಹಿಸಲಾಗದ್ದು ನೊರೆ. ಮಾನ್ಯರೇ, ಎಲ್ಲಿದೆ ನೊರೆ? ತಮ್ಮನ್ನು ನಾನು ಸೋಪಿನ ಮೇಲೆ ಎಡದಿಂದ ಬಲಕ್ಕೆ, ಕೈ ಒಂದಿಷ್ಟೂ ಅಲುಗದಂತೆ, ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಎಳೆಯುತ್ತೇನೆ. ಅಷ್ಟು ನೇರವಾಗಿ ಸೋಪು ಹಚ್ಚುವವರು ಈ ಪೇಟೆಯಲ್ಲಿ ಇನ್ನೊಬ್ಬರಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಸಂಜೆ ಅಂಗಡಿ ಮುಚ್ಚುವ ಮುನ್ನ ತಮ್ಮನ್ನು ನನ್ನ ಉಳಿದ ಬ್ರಷ್ಷುಗಳ ಪಕ್ಕದಲ್ಲೇ, ಅವಕ್ಕೆ ಕೊಡುವ ಗೌರವವನ್ನೇ ಕೊಟ್ಟು, ಕೂದಲು ಒಣಗಿ ಸೆಟೆಯದಂತೆ ಚೆನ್ನಾಗಿ ಎಣ್ಣೆ ಹಚ್ಚಿ, ಬೆರಳಿನಿಂದ ನೀವಿ ಮಲಗಿಸುತ್ತೇನೆ. ನನ್ನ ಸ್ವಂತ ತಲೆಯೂ ಇಷ್ಟು ಎಣ್ಣೆ ಕಂಡದ್ದಿಲ್ಲ. ಹೀಗೆಲ್ಲ ಉಪಚಾರ ಮಾಡಿಸಿಕೊಂಡೂ ಬೆಳಿಗ್ಗೆ ಎದ್ದು ತಾವು ಕೊಡುವುದು ಅಕ್ಕಿ ತೊಳೆದ ನೀರಿನಂಥ ಬಿಳಿ ನೀರು. ಅದನ್ನೇ ಹಚ್ಚಿಕೊಂಡು ರೇಜರು ಆಡಿಸಿ, ಮುಖದ ತುಂಬ ಪತ್ರಿಕೆಯ ಚೂರುಗಳನ್ನು ಅಂಟಿಸಿಕೊಂಡು ಹೊರಬಂದರೆ, ಅಪ್ಪ ನನ್ನ ಎಡಗೆನ್ನೆಯ ಮೇಲಿನ ಹವಾಮಾನದ ಸುದ್ದಿಯನ್ನು ಓದಿ, ಹ್ಞೂಂ ಎಂದು ಎದ್ದು ಒಳಗೆ ಹೋಗುತ್ತಾರೆ. ಅತ್ತೆ ಬರುವ ಭಾನುವಾರ ಹತ್ತಿರವಾಗುತ್ತಿದೆ. ಅಪ್ಪನ ಗಡ್ಡ ಹಾಗೇ ಇದೆ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು. ತಾವು ಕೂಡಲೇ ನನ್ನ ಬಚ್ಚಲುಮನೆಗೆ ಖುದ್ದು ದಯಮಾಡಿಸಿ, ತಮ್ಮ ಕೂದಲಿನಿಂದ ನೊರೆ ಬರುವುದೆಂಬುದನ್ನು ನನ್ನ ಅಪ್ಪನ ಸಮಕ್ಷಮದಲ್ಲಿ ತೋರಿಸಿಕೊಡಬೇಕು. ಬಾಗಿಲು ಕಿರಿದಾದ್ದರಿಂದ ಸ್ವಲ್ಪ ಪಕ್ಕಕ್ಕೆ ತಿರುಗಿ ಒಳಬರಬೇಕಾಗಬಹುದು. ಅದು ಆಗದಿದ್ದಲ್ಲಿ ಕತ್ತರಿಸಿಹೋದ ತುದಿಗಳನ್ನು ತಾವಿದ್ದಲ್ಲಿಂದಲೇ ಮತ್ತೆ ಬೆಳೆಸಿಕೊಡಬೇಕು. ಅದೂ ಆಗದಿದ್ದಲ್ಲಿ ಮುಂದಿನ ತಲೆಮಾರಿನ ತಮ್ಮ ಮರಿಗಳಾದರೂ ಕಿವಿಯ ಹಿಂದಿನ ಮೆತ್ತನೆಯ ಕೂದಲನ್ನಷ್ಟೇ ಬ್ರಷ್ಷಿಗೆ ಕೊಡುವಂತೆ, ಕೊಡುವ ಮುನ್ನ ಚೆನ್ನಾಗಿ ಸ್ನಾನ ಮಾಡುವಂತೆ ಬುದ್ಧಿವಾದ ಹೇಳಬೇಕು. ಇದ್ಯಾವುದೂ ಸಾಧ್ಯವಿಲ್ಲವಾದರೆ, ತಪ್ಪು ತಮ್ಮದೇ ಎಂದು ಒಂದು ಸಾಲು ಬರೆದು ಗೊರಸಿನ ಗುರುತು ಒತ್ತಿ ಕಳಿಸಿಕೊಟ್ಟರೂ ನಡೆದೀತು. ಅಪ್ಪನಿಗೆ ತೋರಿಸಲು ಬೇಕಾಗಿದೆ.

ಮಾನ್ಯರೇ, ಇಲ್ಲಿಯವರೆಗೆ ಬರೆದು, ಕಾಗದವನ್ನು ಅಂಗಡಿಯ ಮೇಜಿನ ಮೇಲೆ ಒಣಗಲು ಬಿಟ್ಟು ಊಟಕ್ಕೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ನನ್ನ ಹೆಂಡತಿ ಅದನ್ನು ಓದಿ ಮುಗಿಸಿದ್ದಳು. ಅಡುಗೆಮನೆಯ ಎಣ್ಣೆ ಬಾಟಲಿ ಇಷ್ಟು ಬೇಗ ಖಾಲಿಯಾಗುವುದು ಹೇಗೆಂದು ಹುಡುಕಿಕೊಂಡು ಅಂಗಡಿಗೆ ಬಂದವಳಿಗೆ, ನಾನು ನನ್ನ ಕೈಯಾರೆ ಬರೆದಿಟ್ಟ ತಪ್ಪೊಪ್ಪಿಗೆಯೇ ಸಿಕ್ಕಿತು. ನನ್ನ ಬಣ್ಣ ಮೆತ್ತಿದ ಅಂಗಿಗಳನ್ನು ಮದುವೆಯಾದಂದಿನಿಂದ ಒಗೆಯುತ್ತ ಬಂದವಳು ಅವಳು. ಜಗಳವಾಡಲಿಲ್ಲ. ತಮ್ಮನ್ನು ಎತ್ತಿ ಬೆಳಕಿಗೆ ಹಿಡಿದು, ಎರಡು ಬೆರಳಿನಿಂದ ಹಿಂಡಿ, ಹಿಂಡಿದ ಬೆರಳುಗಳನ್ನು ನನ್ನ ಕಣ್ಣಿನ ಹತ್ತಿರ ತಂದು ಕೇಳಿದಳು.

"ದಿನಾ ಎಣ್ಣೆಯಲ್ಲಿ ಅದ್ದಿದ್ರೆ ಸೋಪಿಗೆ ಹೇಗೆ ನೊರೆ ಬರುತ್ತೆ? ಎಣ್ಣೆ ಪಾತ್ರೆ ಒಂದು ದಿನವಾದ್ರೂ ತೊಳೆದಿದ್ದೀರಾ?"

ತೊಳೆದಿರಲಿಲ್ಲ. ಹಲಗೆಗೆ ಬಣ್ಣ ಬಳಿಯುವ ಬ್ರಷ್ಷನ್ನು ಕಾಯುವ ಎಣ್ಣೆ, ಸೋಪಿನ ಬ್ರಷ್ಷನ್ನು ಕೊಲ್ಲುತ್ತದೆ ಎಂಬುದು ಪಾತ್ರೆ ತೊಳೆಯುವ ಯಾರಿಗಾದರೂ ಹೊಳೆಯುವ ಸಂಗತಿ. ಬ್ರಷ್ಷಿನ ಬಗ್ಗೆ ಎಲ್ಲವೂ ಗೊತ್ತಿದ್ದ ನನಗೊಬ್ಬನಿಗೇ ಹೊಳೆದಿರಲಿಲ್ಲ. ಅವಳು ತಮ್ಮನ್ನು ಬಟ್ಟೆ ಸೋಪಿನ ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಕಿಟಕಿಯಲ್ಲಿ ತಲೆಕೆಳಗಾಗಿ ನೇತುಹಾಕಿದಳು. ಆ ಭಂಗಿಯಲ್ಲಿ ತಮ್ಮನ್ನು ನೋಡಿ ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು. ಪತ್ರವನ್ನು ಹರಿದುಹಾಕಬೇಕೆಂದು ಅಂದುಕೊಂಡೆ. ಆದರೆ ಅಕ್ಷರಗಳು ಚೆನ್ನಾಗಿ ಬಂದಿದ್ದವು, ಅಷ್ಟು ದಪ್ಪನೆಯ ಕಾಗದವೂ ಮತ್ತೆ ಸಿಗುವುದಿಲ್ಲ. ಹಾಗಾಗಿ ಮೇಲಿನದನ್ನು ಹಾಗೇ ಉಳಿಸಿಕೊಂಡು ಮುಂದೆ ಬರೆಯುತ್ತಿದ್ದೇನೆ. ಓದುವಾಗ ತಾವು ಸಿಟ್ಟಾಗದೆ ಇಲ್ಲಿಯವರೆಗೆ ಬಂದಿದ್ದೀರಿ ಎಂದು ನಂಬುತ್ತೇನೆ.

ಎಣ್ಣೆ ಹೋದ ಮೇಲೂ ನೊರೆ ಬರಲಿಲ್ಲ. ಬಂತು ಎನ್ನುವುದಾದರೆ, ಅಕ್ಕಿ ತೊಳೆದ ನೀರು ಹೋಗಿ ತೆಳು ಮಜ್ಜಿಗೆಯಾಯಿತು. ಶನಿವಾರ ಬೆಳಿಗ್ಗೆ, ಅತ್ತೆ ಬರಲು ಒಂದೇ ದಿನ ಉಳಿದಿರುವಾಗ, ನಾನು ಬಚ್ಚಲುಮನೆಯ ಕಲ್ಲಿನ ಮೇಲೆ ಕೂತು ಬಟ್ಟಲಿನಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗೆರೆ ಎಳೆಯುತ್ತಲೇ ಇದ್ದೆ. ಅಪ್ಪ ಹೊರಗೆ ಕುರ್ಚಿಯಲ್ಲಿ ಕೂತಿದ್ದರು, ಬಲಗೈಯನ್ನು ಎಂದಿನಂತೆ ತೊಡೆಯ ಕೆಳಗೆ ಒತ್ತಿಟ್ಟುಕೊಂಡು. ಎಷ್ಟೋ ಹೊತ್ತು ನೋಡಿದ ಮೇಲೆ ಅವರ ಸಹನೆ ತಪ್ಪಿತು. ಕೊಡು ಇಲ್ಲಿ ಎಂದರು. ಬೋರ್ಡಿನ ಮೇಲೆ ನಾನು ಅಕ್ಷರ ಕೆಡಿಸಿದಾಗಲೆಲ್ಲ ಇದೇ ಧ್ವನಿಯಲ್ಲಿ ಕೇಳುತ್ತಿದ್ದರು. ಆ ಧ್ವನಿಗೆ ನನ್ನ ಕೈ ಎದುರು ಮಾತಾಡುವುದಿಲ್ಲ. ಬಟ್ಟಲನ್ನೂ ಬ್ರಷ್ಷನ್ನೂ ಕೊಟ್ಟುಬಿಟ್ಟೆ.

ಅವರು ಬಟ್ಟಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ತಮ್ಮನ್ನು ಬಲಗೈಯಲ್ಲಿ ಹಿಡಿದು ಒಳಗೆ ಇಳಿಸಿದರು. ಕೈ ನಡುಗತೊಡಗಿತು. ಬ್ರಷ್ಷಿನ ಹಿಡಿ ಬಟ್ಟಲಿನ ಅಂಚಿಗೆ ಟಕಟಕ ಬಡಿಯುವ ಸದ್ದು ಮನೆಯಿಡೀ ಕೇಳಿಸಿತು. ನಾನು ಎಂದಿನಂತೆ ಬೇರೆ ಕಡೆ ನೋಡಿದೆ. ಅವರ ಲೋಟ ತುಳುಕುವಾಗ, ಅಂಗಿಯ ಗುಂಡಿ ಸಿಗದಿರುವಾಗ ನಾನು ಹೀಗೆ ಬೇರೆ ಕಡೆ ನೋಡುತ್ತ ಬಂದಿದ್ದೇನೆ; ಅದೇ ಮರ್ಯಾದೆ ಎಂದು ತಿಳಿದಿದ್ದೆ. ಸದ್ದು ಬರಬರುತ್ತ ಮಂದವಾಯಿತು. ಬಟ್ಟಲಿನೊಳಗೆ ಏನೋ ತುಂಬಿಕೊಳ್ಳುತ್ತಿರುವ ಹಾಗೆ. ತಿರುಗಿ ನೋಡಿದರೆ, ಮಾನ್ಯರೇ, ನೊರೆ! ಬಟ್ಟಲಿನ ಅಂಚು ದಾಟಿ, ಅಪ್ಪನ ಬೆರಳುಗಳನ್ನು ಮುಚ್ಚಿ, ಗಟ್ಟಿಯಾಗಿ, ಹಾಲಿನ ಕೆನೆಯನ್ನು ಕಡೆದಂತೆ ಮೇಲೇಳುತ್ತಿದೆ. ನೇರ ಗೆರೆಗೆ ಬಾರದ ನೊರೆ, ನಿಲ್ಲದೆ ಅಲುಗುವ ಕೈಗೆ ತಾನಾಗಿಯೇ ಬಂದಿತ್ತು. ನನ್ನ ಕೈ ಅಲುಗಬಾರದೆಂದು ಪಳಗಿದ ಕೈ. ಸೋಪಿಗೆ ಬೇಕಾಗಿದ್ದದ್ದು ಅಲುಗುವುದೇ.

ಅಪ್ಪ ಬಟ್ಟಲನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ವರ್ಷದಿಂದ ಆ ಕೈಯನ್ನು ಅವರು ಮುಚ್ಚಿಡದೆ ನೋಡಿದ್ದು ಅದೇ ಮೊದಲು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಮುಖಕ್ಕೆ ನೊರೆ ಹಚ್ಚತೊಡಗಿದರು. ಕೆನ್ನೆ, ಗದ್ದ, ಕತ್ತು, ಜೊತೆಗೆ ಕಿವಿ, ಮೂಗು, ಒಂದು ಕಣ್ಣಿನ ರೆಪ್ಪೆ ಯಾವುದನ್ನೂ ಬಿಡಲಿಲ್ಲ. ತಮ್ಮ ಕತ್ತರಿಸಿದ ತುದಿಗಳು ಅಷ್ಟು ನೊರೆಯ ನಡುವೆ ಚುಚ್ಚಲೇ ಇಲ್ಲ. ಅಪ್ಪನ ಕೈ ನನ್ನ ಮುಖ ಮುಟ್ಟಿ ಎಷ್ಟು ಕಾಲವಾಗಿತ್ತೋ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ, ಸೋಪಿನ ಉರಿ ಎಂದು ಸಬೂಬು ಹೇಳಲು ಅನುಕೂಲವೂ ಆಯಿತು. ನನ್ನ ಮುಖದ ಕ್ಷೌರ ಒಂದು ಪತ್ರಿಕೆಯ ಚೂರೂ ಬೇಡದಂತೆ ಮುಗಿಯಿತು. ಅಪ್ಪ ನನ್ನ ಗದ್ದವನ್ನು ಬೋರ್ಡು ತಿರುಗಿಸುವಂತೆ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ನೋಡಿ, ಉಳಿದ ನೊರೆಯನ್ನು ತಮ್ಮ ಮುಖಕ್ಕೆ ಬಳಿದುಕೊಂಡು, ಕುರ್ಚಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ ಕತ್ತನ್ನು ಮೇಲೆತ್ತಿದರು. ನಾನು ಅವರೇ ಕಲಿಸಿದಂತೆ ಕಿರುಬೆರಳನ್ನು ಆಸರೆಗೆ ಊರಿ, ಉಸಿರು ಬಿಗಿಹಿಡಿದು ರೇಜರನ್ನು ಎಳೆದೆ. ಅಲುಗದ ಕೈಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಗದ್ದದ ಕೆಳಗಿನ ಹಳೆಯ ಗಾಯದ ಗೆರೆಯನ್ನು ದಾಟುವಾಗ ಇಬ್ಬರೂ ಉಸಿರಾಡಲಿಲ್ಲ.

ಭಾನುವಾರ ಅತ್ತೆ ಬಂದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಕೂರುವ ಮೊದಲೇ ತಮ್ಮನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಸವರಿದರು. ಎಷ್ಟು ನುಣುಪಾಗಿದೆ, ಯಾರು ಮಾಡಿದ್ದು ಎಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ವಿನಯದಿಂದ ತಲೆ ತಗ್ಗಿಸಲು ತಯಾರಾಗಿಯೇ ಇದ್ದೆ.

"ಯಾರು ಮಾಡೋದು, ನಾನೇ ಮಾಡ್ಕೊಂಡೆ" ಅಂದರು ಅಪ್ಪ.

ನಾನು ತಲೆ ತಗ್ಗಿಸಿದವನು ಹಾಗೇ ಚಹಾ ತರಲು ಒಳಗೆ ಹೋದೆ. ಬಾಗಿಲ ಸಂದಿಯಿಂದ ನೋಡಿದಾಗ ಅಪ್ಪನ ಬಲಗೈ ತೊಡೆಯ ಕೆಳಗಿರಲಿಲ್ಲ. ಅತ್ತೆಯ ಕೈಯೊಳಗಿತ್ತು, ಅಲ್ಲೇ ನಡುಗುತ್ತಿತ್ತು, ಇಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಯಾವುದೋ ಹಳೆಯ ನೆರೆಮನೆಯವರನ್ನು ಆಡಿಕೊಂಡು ನಗುತ್ತಿದ್ದರು. ನನಗೆ ಬಹಳ ಸಂತೋಷವಾಯಿತು. ಅದನ್ನು ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ.

ಆದ್ದರಿಂದ ಮಾನ್ಯರೇ, ಮೇಲ್ಕಂಡ ದೂರುಗಳನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಗೊರಸಿನ ಗುರುತಿನ ಕಾಗದವನ್ನು ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ. ಹೊಸದಾಗಿ ಬ್ರಷ್ಷು ಕೊಳ್ಳುವವರು ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ನೈಲಾನು ಕೊಳ್ಳಿ, ಬಾಯಿಗಿಡಬೇಡಿ ಎಂದಷ್ಟೇ ಹೇಳುತ್ತೇನೆ. ತಮ್ಮನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ದಿನವೂ ಅಪ್ಪ ಕಡೆಯುತ್ತಾರೆ, ನಾನು ಎಳೆಯುತ್ತೇನೆ, ತಾವು ಕಿಟಕಿಯಲ್ಲಿ ತಲೆಕೆಳಗಾಗಿ ಒಣಗುತ್ತೀರಿ. ಮೂವರೂ ತಕ್ಕಮಟ್ಟಿಗೆ ಪಳಗುತ್ತಿದ್ದೇವೆ.

ತಮ್ಮ ಕುಲದ ಕೂದಲಿನಿಂದಲೇ ಬದುಕಿ, ಅದರಿಂದಲೇ ಬುದ್ಧಿಯನ್ನೂ ಕಲಿತ,

ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

ವಿ.ಸೂ.: ಹಲಗೆಗೆ ಅಂಟಿಸುವ ಮೊದಲು ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ನಾನೇ ಮಾಡ್ಕೊಂಡೆ ಎಂದದ್ದರಲ್ಲಿ ಸುಳ್ಳೇನೂ ಇಲ್ಲ, ಇವನು ಬರೀ ರೇಜರು ಹಿಡಿದಿದ್ದ ಎಂದು ಸೇರಿಸಬೇಕಂತೆ, ಸೇರಿಸಿದ್ದೇನೆ. ಕೊನೆಯವರೆಗೂ ಕೇಳಿ, ಇನ್ನೊಂದು ಮಾತನ್ನೂ ಹೇಳಿದರು: "ಹಂದಿಗೆ ಇಷ್ಟುದ್ದ ಪತ್ರ ಬರೆದೆ. ಪಕ್ಕದಲ್ಲೇ ಕೂತಿದ್ನಲ್ಲ, ನನ್ನನ್ನ ಒಂದು ಮಾತು ಕೇಳಬಹುದಿತ್ತು." ಆದ್ದರಿಂದ ತಮಗೆ ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ, ಅಪ್ಪನ ಪಕ್ಕದಲ್ಲಿ ಹೋಗಿ ಕೂರುತ್ತಿದ್ದೇನೆ.